ಜೋಳದ ಮೇಲೆ ಓಡಿಸಿದ ಮೇಡಂ

ನಿನ್ನೆ ಪಕ್ಕದ ಮನೆಯವರು ಅಂಗಳದಲ್ಲಿ ಮೆಕ್ಕೆಜೋಳ ಹರವಿದ್ದರು. ಬಿಸಿಲಿಗೆ ಕಾದ ಕಾಳಿನ ಧೂಳು ಮೂಗಿಗೆ ಹೊಡೆಯಿತು, ಆಟದ ಮೇಡಂ ನೆನಪಾದರು. ನಾನು ಓದಿದ್ದು ಎರಡನೇ ಕ್ಲಾಸು. ತಪ್ಪು ಬರೆದಿದ್ದರೆ ಮೊಮ್ಮಗಳು ತಿದ್ದುತ್ತಾಳೆ.

ಸವಳಂಗದ ಹತ್ತಿರ ನಮ್ಮೂರ ಹೈಸ್ಕೂಲಿಗೆ ಆಟ ಕಲಿಸಲು ಬಂದಿದ್ದರು ಅವರು. ಓಟದಲ್ಲಿ ರಾಜ್ಯಮಟ್ಟಕ್ಕೆ ಹೋಗಿ ಗೆದ್ದವರು, ಕನ್ನಡದಲ್ಲಿ ಎಂ.ಎ. ಮಾಡಿದವರು. ಬೆಳಿಗ್ಗೆ ನಾನು ಹುಲ್ಲಿನ ಹೊರೆ ಹೊತ್ತು ಬರುವಾಗ ಕೆರೆ ಏರಿಯ ಮೇಲೆ ಓಡುತ್ತಿದ್ದರು, ಬಾಯಲ್ಲಿ ಏನೋ ಪದ್ಯ. ಹಳಗನ್ನಡವಂತೆ. ಒಂದು ದಿನ ತಡೆದು ಅರ್ಥ ಕೇಳಿದೆ. ನಿಂತು, ನನ್ನ ಮಾತಿನಲ್ಲೇ ಬಿಡಿಸಿ ಹೇಳಿದರು. ತಲೆಯ ಮೇಲಿನ ಹೊರೆ ಮರೆತುಹೋಗಿತ್ತು...

ಮಗಳು ಆಗ ಹತ್ತನೇ ಕ್ಲಾಸು. ನಮ್ಮ ಯಜಮಾನರು ಹೇಳಿಬಿಟ್ಟಿದ್ದರು: ಹೊನ್ನಾಳಿಯ ತಾಲ್ಲೂಕು ಓಟದಲ್ಲಿ ಗೆದ್ದರೆ ಕಾಲೇಜು, ಸೋತರೆ ಮದುವೆ. ಅದಕ್ಕೆ ಅವಳು ಓಡಿ ಕಲಿಯಬೇಕಿದ್ದ ಶಾಲೆ ಬಯಲಿನ ತುಂಬ ಊರವರು ಒಣಹಾಕಿದ ಜೋಳ. ನಮ್ಮದೂ ಇತ್ತು.

ಮೇಡಂ ಬಂದರು. ಕಾಳಿನ ರಾಶಿ ಕಾಯುತ್ತಿದ್ದ ಅಜ್ಜ ಕೆಣಕಿದ.

"ಏನ್ ಮೇಡಮ್ಮಾರೇ, ಹುಡುಗೀರು ಓಡಿದ್ರೆ ಹೊಟ್ಟೆ ತುಂಬ್ತೈತಾ?"

"ತುಂಬಲ್ಲ ಬಿಡ್ರಿ ಅಜ್ಜಾರೇ. ಈ ಕಾಳು ತಿರುವಾಕೆ ದಿನಾ ಯಾರ ಕಾಲು ಸವೀತೈತೆ?"

"ಇನ್ಯಾರ್ದು, ನಂದೇ. ಮಂಡಿ ಹಿಡ್ಕೊಂಡೈತೆ."

"ಹಂಗಾದ್ರೆ ನಮ್ಮ ಹುಡುಗೀರ ಕಾಲು ತಗೊಳ್ರಿ. ಅವ್ರು ತಿರುವಿ ಕೊಡ್ತಾರೆ, ನೀವು ಅಂಚಿನಾಗೆ ಓಡಾಕೆ ದಾರಿ ಬಿಡ್ರಿ."

ಜೋಳ ತಿರುವುವುದೆಂದರೆ ಬರಿಗಾಲನ್ನು ಕಾಳಿನೊಳಗೆ ಎಳೆಯುತ್ತ ಸಾಲು ಹೊಡೆಯುವುದು. ಅದನ್ನೇ ಅವರು ಓಟದ ಪಾಠ ಮಾಡಿದರು. ಪ್ಯಾಂಟು ಮಡಚಿ ತಾವೇ ಮೊದಲು ಇಳಿದರು. ಕಾಲು ಹೂತುಕೊಳ್ಳುತ್ತದೆ, ಜಾರುತ್ತದೆ, ತೊಡೆ ಉರಿಯುತ್ತದೆ. ಅವರು ಹಕ್ಕಿಯ ಹಾಗೆ ಹೋದರು, ಹಿಂದೆ ಹುಡುಗಿಯರು. ಅಜ್ಜ ಬೀಡಿ ಹಚ್ಚುವುದನ್ನೂ ಬಿಟ್ಟು ನೋಡಿದ. ಮಾರನೆಯ ದಿನ ತಾನೇ ಹಲಗೆಯಿಂದ ಕಾಳು ಒಳಗೆಳೆದು ಸುತ್ತ ದಾರಿ ಮಾಡಿಕೊಟ್ಟ. ಅಷ್ಟು ಓದಿ, ಅಷ್ಟು ಓಡಿ, ಅಷ್ಟು ನಯವಾಗಿ ಮಾತಾಡುವ ಹೆಂಗಸನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಹೆಣ್ಣಾಗಿ ಹುಟ್ಟಿ ಹೀಗೂ ಇರಬಹುದಾ ಅಂತ ನೋಡುತ್ತಾ ನಿಂತಿದ್ದೆ...

ಹೊನ್ನಾಳಿಯಲ್ಲಿ ಮಗಳು ನಾಲ್ಕನೆಯವಳಾದಳು. ಮುಗಿಯಿತು ಅಂದುಕೊಂಡೆ. ಆ ರಾತ್ರಿ ಯಜಮಾನರು ಉಂಡು ಕೈ ತೊಳೆದರು.

"ಕಾಲೇಜಿಗೆ ಹೋಗ್ಲಿ ಬಿಡು" ಅಂದರು.

"ಯಾಕ್ರೀ, ಸೋತಳಲ್ಲ" ಅಂದೆ.

"ಬಿಡಿಸಿದ್ರೆ ಆ ಮೇಡಂ ಬಂದು ಕೇಳ್ತಾರೆ. ಬೈದ್ರೆ ನಾನೂ ಬೈಬೋದು. ಅವ್ರು ಹಂಗೆ ಮೆತ್ತಗೆ ಕೇಳಿದ್ರೆ ಏನ್ ಹೇಳ್ಲಿ?"

ಮೇಡಂ ಕೇಳಲು ಬರುವ ಪ್ರಸಂಗವೇ ಬರಲಿಲ್ಲ.

ಮಗಳು ಈಗ ಜಗಳೂರಿನಲ್ಲಿ ಟೀಚರು. ಮೇಡಂ ತೀರಿಕೊಂಡದ್ದನ್ನು ಅವಳೇ ಫೋನಿನಲ್ಲಿ ಹೇಳಿದಳು, ಮಣ್ಣು ಮುಗಿದ ಮೇಲೆ. ಅತ್ತರೆ ಬರುತ್ತಾರಾ? ಅಳಲಿಲ್ಲ. ಅವರು ಆಡಿದ ಮಾತೆಲ್ಲ ನೆನಪಿದೆ, ಬೇಕಾದರೆ ಹೇಳುತ್ತೇನೆ. ಹೇಳುವಾಗ ನನ್ನ ದನಿ ಕೇಳುತ್ತದೆ. ಅವರದು ಕೇಳುವುದಿಲ್ಲ.