ನಲವತ್ತೊಂದನೆಯ ಸೀಸೆ

ಒಸಡಿನ ರೋಗಗಳ ಅಧ್ಯಯನದಲ್ಲಿ ಮೂವತ್ತೈದು ವರ್ಷ ದುಡಿದು, ಎರಡು ತಲೆಮಾರಿನ ದಂತವೈದ್ಯರನ್ನು ರೂಪಿಸಿ, ಇದೀಗ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಪ್ರಾಧ್ಯಾಪಕರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಕರೆಯುತ್ತಿದ್ದುದು ‘ಹಲ್ಲು ಮೇಷ್ಟ್ರು’ ಎಂದೇ. ಸಾಲಾಗಿ ಜೋಡಿಸಿಟ್ಟಂಥ ಅವರ ಬಿಳಿ ಹಲ್ಲು ಕಂಡು ಹೊಟ್ಟೆಕಿಚ್ಚು ಪಡದವರಿಲ್ಲ. ಈ ಲೇಖಕಿಯೂ ಪಟ್ಟವಳೇ.

ಹನ್ನೆರಡು ವರ್ಷದ ಹಿಂದೆ ಅವರ ಪ್ರಯೋಗಾಲಯ ಸೇರಿದ ಲೇಖಕಿಗೆ ಸಿಕ್ಕ ಕೆಲಸವೆಂದರೆ, ಹಲ್ಲು ಮೂಡದ ಕೂಸುಗಳಿಂದ ಹಿಡಿದು ಹಲ್ಲೆಲ್ಲ ಉದುರಿದ ಹಿರಿಯರವರೆಗೆ ನಾನಾ ವಯಸ್ಸಿನವರ ಬಾಯಿ ಒರೆಸಿ ಬೇರೆಯವರು ಸೀಸೆಯಲ್ಲಿ ಹಾಕಿ ಕೊಟ್ಟ ಹತ್ತಿಕಡ್ಡಿಗಳಲ್ಲಿ ಒಸಡು ಕೊಳೆಸುವ ರೋಗಾಣು ಇದೆಯೇ ಎಂದು ನೋಡುವುದು. ಸೀಸೆಯ ಮೇಲೆ ಹೆಸರಿಲ್ಲ. ಸಂಖ್ಯೆ, ವಯಸ್ಸು, ಹಲ್ಲು ‘ಇದೆ’ ಅಥವಾ ‘ಇಲ್ಲ’, ಅಷ್ಟೇ. ಆ ರೋಗಾಣುವಿಗೆ ಹಲ್ಲು ಮತ್ತು ಒಸಡಿನ ಸಂದಿಯೇ ಬೇಕು, ಹಲ್ಲು ಹೋದ ಬಾಯಲ್ಲಿ ಅದು ಉಳಿಯುವುದಿಲ್ಲ ಎಂದು ಮೇಷ್ಟ್ರು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದರು, ಪಠ್ಯಪುಸ್ತಕದಲ್ಲೂ ಬರೆದಿದ್ದರು.

ಕೂಸುಗಳ ಬಾಯಲ್ಲಿ ರೋಗಾಣು ಅಪರೂಪ, ಹಲ್ಲಿದ್ದವರಲ್ಲಿ ವಯಸ್ಸಾದಂತೆ ಹೆಚ್ಚು. ನಲವತ್ತನೆಯ ಸೀಸೆಯವರೆಗೆ ಎಲ್ಲವೂ ಪಾಠದಂತೆಯೇ ನಡೆಯಿತು. ನಲವತ್ತೊಂದರ ಮೇಲೆ ವಯಸ್ಸು ನಲವತ್ತೆಂಟು, ಹಲ್ಲು ‘ಇಲ್ಲ’ ಎಂದಿತ್ತು; ರೋಗಾಣು ಮಾತ್ರ ಧಾರಾಳವಾಗಿತ್ತು. ಸೀಸೆ ಅದಲುಬದಲಾಯಿತೇನೋ ಎಂದು ಲೇಖಕಿ ಹೆದರಿದಳು. ಸೀಸೆ ಅದಲುಬದಲು ಮಾಡಿದವರಿಗೆ ಅಲ್ಲಿ ಜಾಗವಿರಲಿಲ್ಲ. ಹಿಂದಿನ ತಿಂಗಳಷ್ಟೇ ಜೊತೆಯವಳೊಬ್ಬಳು ಅದೇ ಆರೋಪ ಹೊತ್ತು ಅಳುತ್ತ ಹೊರಟುಹೋಗಿದ್ದಳು.

“ಸರ್, ನಲವತ್ತೊಂದು ಹೊಡೆದುಹಾಕ್ಲಾ? ನನ್ನಿಂದ್ಲೇ ಏನೋ ಎಡವಟ್ಟಾಗಿದೆ.”

“ಇನ್ನೊಂದ್ಸಲ ನೋಡಿದ್ಯಾ?”

“ಮೂರು ಸಲ ನೋಡ್ದೆ ಸರ್. ಮೂರು ಸಲಾನೂ ಇದೆ.”

ಮೇಷ್ಟ್ರು ಬಿಳಿಚಿಕೊಂಡರು. ಎದ್ದು ಬಾಗಿಲು ಹಾಕಿ, ನಲ್ಲಿಯ ಬಳಿ ನಿಂತು, ಮೇಲಿನ ಸಾಲು ಕೆಳಗಿನ ಸಾಲು ಎರಡನ್ನೂ ಬಾಯಿಂದ ತೆಗೆದು ಗಾಜಿನ ತಟ್ಟೆಯಲ್ಲಿಟ್ಟರು. ಲೇಖಕಿ ಕಿರುಚದಿದ್ದುದೇ ಹೆಚ್ಚು. ಕೆನ್ನೆ ಒಳಗಿಳಿದು, ಎದುರಿಗೆ ಯಾರೋ ಅಜ್ಜ ನಿಂತಂತಿತ್ತು.

“ಅದು ನಂದೇ ಕಣಮ್ಮ,” ಎಂದರು. “ಆ ವಯಸ್ಸಿನ ಬೊಚ್ಚುಬಾಯಿ ಬೇರೆ ಸಿಗ್ಲಿಲ್ಲ. ಮೂವತ್ತಾರಕ್ಕೇ ಒಸಡು ಕೆಟ್ಟಿತ್ತು. ರೋಗ ಪೂರ್ತಿ ಹೋಗ್ಲಿ ಅಂತ ಗಟ್ಟಿ ಇದ್ದ ಹಲ್ಲನ್ನೂ ಕೀಳಿಸ್ಕೊಂಡೆ. ನನ್ನ ಪಾಠ ನಂಬಿ ಕೆಟ್ಟವನು ನಾನೇ. ತಗೋ ಕಡ್ಡಿ. ಈ ಸಲ ನಾಲಿಗೆ ಬೇರೆ, ಈ ಹಲ್ಲುಸೆಟ್ ಬೇರೆ ಒರೆಸು.”

ಅವಳು ಎರಡನ್ನೂ ಬೇರೆಬೇರೆಯಾಗಿ ಒರೆಸಿದಳು. ವಾರದ ಮೇಲೆ ನೋಡಿದರೆ ಎರಡರಲ್ಲೂ ರೋಗಾಣು ಇತ್ತು.

ಮಾರನೆಯ ದಿನ ತುಂಬಿದ ತರಗತಿಯಲ್ಲಿ ಮೇಷ್ಟ್ರು ತಮ್ಮದೇ ಪುಸ್ತಕದ ಆ ಪುಟ ತೆಗೆಸಿ, “ಇದು ತಪ್ಪು, ಅಡ್ಡ ಗೆರೆ ಎಳೀರಿ” ಎಂದಾಗ ಯಾರ ಪೆನ್ನೂ ಏಳಲಿಲ್ಲ. ಅವರೇ ಮೊದಲ ಬೆಂಚಿಗೆ ಬಂದು ಗೆರೆ ಎಳೆದರು. ತಮ್ಮ ಸಲಹೆಯಂತೆ ಗಟ್ಟಿ ಹಲ್ಲು ಕೀಳಿಸಿಕೊಂಡಿದ್ದ ರೋಗಿಗಳಿಗೆಲ್ಲ ಕೈಯಾರೆ ಪತ್ರ ಬರೆದು ಕ್ಷಮೆ ಕೇಳಿದರು. ಜೊತೆಯವಳನ್ನೂ ವಾಪಸು ಕರೆಸಿಕೊಂಡರು. ಅವಳ ಸೀಸೆಯೂ ಬೊಚ್ಚುಬಾಯಿಯದೇ ಆಗಿತ್ತು, ಅದಲುಬದಲಾಗಿರಲೇ ಇಲ್ಲ.

ಮೇಷ್ಟ್ರ ನಿವೃತ್ತಿಗೆಂದು ತಂದ ಈ ಅಭಿನಂದನ ಸಂಪುಟದ ಮೊದಲ ಪುಟದ ಭಾವಚಿತ್ರ ಕಂಡು ಬೆಚ್ಚಿದ ಓದುಗರು ಮನ್ನಿಸಬೇಕು. ಹಲ್ಲುಸೆಟ್ ತೆಗೆದಿಟ್ಟೇ ಕೂರುತ್ತೇನೆಂದು ಹಟ ಹಿಡಿದವರು ಮೇಷ್ಟ್ರೇ. ಇಂದಿಗೂ ಪ್ರತಿ ಹುಟ್ಟುಹಬ್ಬದಂದು ಅವರು ಪ್ರಯೋಗಾಲಯಕ್ಕೆ ಬಂದು ಲೇಖಕಿಯ ಮುಂದೆ ಬಾಯಿ ತೆರೆದು ಕೂರುತ್ತಾರೆ. ನಲವತ್ತೊಂದನೆಯ ಸೀಸೆಯ ಮೇಲೆ ಈ ವರ್ಷ ಅವಳು ಬರೆದ ವಯಸ್ಸು ಅರವತ್ತು. ತೊಂಬತ್ತು ಎಂದು ಬರೆಯುವ ಭಾಗ್ಯವೂ ಅವಳ ಕೈಗೇ ಸಿಗಲಿ.