‘ನೋಡ್ವಾ’ ಎಂದವರ ಮತ

೨೦೦೩ರಲ್ಲಿ ನಾನು ಅಂಕೋಲಾದಲ್ಲಿ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕಿಯಾಗಿದ್ದೆ. ಮನೆ ಕಾರವಾರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಬಂದು ಸಂಜೆ ಮರಳುತ್ತಿದ್ದೆ. ಬಲೆ, ದೋಣಿ, ಎಂಜಿನ್ನುಗಳ ಸಹಾಯಧನದ ಅರ್ಜಿ ನೋಡುವುದು, ಮಳೆಗಾಲದ ಮೀನುಗಾರಿಕೆ ನಿಷೇಧವನ್ನು ಊರೂರಿಗೆ ತಿಳಿಸುವುದು, ಕಡಲಲ್ಲಿ ಅವಘಡವಾದರೆ ಪರಿಹಾರಕ್ಕೆ ಓಡಾಡುವುದು ನನ್ನ ಕೆಲಸ. ಚುನಾವಣೆ ನಡೆಸುವುದು ಅದರಲ್ಲಿ ಸೇರಿರಲಿಲ್ಲ. ಆದರೂ ನೌಕರಿಯಲ್ಲಿ ಕಲಿತದ್ದೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ವರ್ಷದ ಒಂದು ಚುನಾವಣೆಯೇ.

ಹಾರವಾಡದಿಂದ ಸ್ವಲ್ಪ ದೂರದಲ್ಲಿ, ಕಡಲ ಬದಿಯಲ್ಲಿ ಒಂದು ಊರು. ಹೆಸರು ಬೇಡ, ಆ ಜನ ಈಗಲೂ ಅಲ್ಲೇ ಇದ್ದಾರೆ. ಅಲ್ಲಿ ಮೀನುಗಾರರದ್ದೊಂದು ನೋಂದಾಯಿತ ಸಂಘವಿತ್ತು. ಯಾರ ದೋಣಿ ದಂಡೆಯ ಯಾವ ಜಾಗದಲ್ಲಿ ನಿಲ್ಲಬೇಕು, ಯಾವ ದಿನ ಯಾರ ಬಲೆ ಇಳಿಯಬೇಕು, ಮೀನಿನ ಹರಾಜು ಎಲ್ಲಿ ಆಗಬೇಕು, ಎಲ್ಲವನ್ನೂ ಆ ಸಂಘ ನಿರ್ಧರಿಸುತ್ತಿತ್ತು. ಸಹಕಾರ ಸಂಘಗಳಲ್ಲಿ ನಿರ್ದೇಶಕರು ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. ಇಲ್ಲಿ ಹಾಗಲ್ಲ. ಇವರ ಬೈಲಾ ಪ್ರಕಾರ ಸದಸ್ಯರೆಲ್ಲ ನೇರವಾಗಿ ಅಧ್ಯಕ್ಷನಿಗೆ ಮತ ಹಾಕಬೇಕು. ದಂಡೆಯ ಜಾಗವೇ ಅನ್ನವಾದ ಊರಿನಲ್ಲಿ ಈ ಅಧ್ಯಕ್ಷಗಿರಿ ಸಣ್ಣ ಮಾತಾಗಿರಲಿಲ್ಲ.

ಆ ಸಲ ಇಬ್ಬರು ನಿಂತಿದ್ದರು. ಒಬ್ಬರು ಗಣಪತಿ. ಅರವತ್ತು ದಾಟಿದವರು, ದೊಡ್ಡ ಬಲೆಯ ಮುಂದಾಳು, ಬಹಳ ವರ್ಷಗಳಿಂದ ದಂಡೆಯಲ್ಲಿ ಅವರದೇ ಮಾತು. ಇನ್ನೊಬ್ಬ ಉದಯ. ನಲವತ್ತರ ಆಸುಪಾಸು, ಯಾಂತ್ರಿಕ ದೋಣಿಯ ಮಾಲೀಕ. ಹಿಂದಿನ ವರ್ಷ ಉದಯನ ದೋಣಿಯ ಎಂಜಿನ್ನಿನ ಪಂಖಕ್ಕೆ ಸಿಕ್ಕಿ ಗಣಪತಿಯವರ ಬಲೆ ಹರಿದುಹೋಗಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಊರಿನವರಲ್ಲಿ ಯಾರಿಗೂ ಇನ್ನೊಬ್ಬರ ಎಣಿಕೆಯ ಮೇಲೆ ನಂಬಿಕೆಯಿಲ್ಲದ್ದರಿಂದ ಇಲಾಖೆಯವರೇ ಚುನಾವಣೆ ನಡೆಸಿಕೊಡಬೇಕೆಂದು ಎರಡೂ ಕಡೆಯವರು ಕೇಳಿಕೊಂಡರು. ಕಾರವಾರದ ಮೇಲಧಿಕಾರಿಗಳು ಒಪ್ಪಿ, ಆ ಹೊಣೆಯನ್ನು ನನ್ನ ತಲೆಗೆ ಕಟ್ಟಿದರು.

ಊರಿನ ಹಳೆಯ ಸದಸ್ಯರು ಇಬ್ಬರ ನಡುವೆ ಹೆಚ್ಚುಕಡಿಮೆ ಅರ್ಧರ್ಧ ಹಂಚಿಹೋಗಿದ್ದರು. ಉಳಿದದ್ದು ಕಾಲೋನಿ. ಕಾರವಾರದ ಬಳಿಯ ನೌಕಾನೆಲೆಗಾಗಿ ತಮ್ಮ ಊರು ಬಿಟ್ಟುಬಂದ ಮೀನುಗಾರರಿಗೆ ಹೆದ್ದಾರಿಯ ಆಚೆ ಬದಿಗೆ ಕಟ್ಟಿದ ಪುನರ್ವಸತಿ ಕಾಲೋನಿ ಅದು. ಸಾಲಾಗಿ ಮನೆಗಳು, ಎಲ್ಲ ಒಂದೇ ನಮೂನೆ. ಯಾವ ಮನೆಯ ಜಗಲಿಯಲ್ಲಿ ನಿಂತರೂ ಕಡಲು ಕಾಣುವುದಿಲ್ಲ. ಅವರನ್ನು ಸಂಘಕ್ಕೆ ಸೇರಿಸಿಕೊಂಡಿದ್ದರು, ಆದರೆ ದೋಣಿ ಇಡಲು ಸಿಕ್ಕಿದ್ದು ದಂಡೆಯ ತುದಿಯಲ್ಲಿ, ಬಂಡೆಗಳ ಹತ್ತಿರ. ಅಲ್ಲಿ ಅಲೆ ಜೋರಾದರೆ ದೋಣಿಯ ಅಡಿ ಸವೆಯುತ್ತದೆ. ಗಾಳಿ ಎದ್ದರೆ ಒಡೆದೇ ಹೋಗುತ್ತದೆ.

ಚುನಾವಣೆ ಮೇ ತಿಂಗಳಲ್ಲಿ. ದಿನ ಹತ್ತಿರ ಬಂದಂತೆ ಎಲ್ಲರ ಕಣ್ಣೂ ಕಾಲೋನಿಯ ಮೇಲೆ. ಯಾರು ಹೋಗಿ ಕೇಳಿದರೂ ಅಲ್ಲಿಂದ ಬರುತ್ತಿದ್ದ ಉತ್ತರ ಒಂದೇ: “ನೋಡ್ವಾ,” ನೋಡೋಣ ಎಂದು.

ಗಣಪತಿಯವರ ಕಡೆಯ ಹಿರಿಯರೊಬ್ಬರು ನನ್ನ ಆಫೀಸಿಗೆ ಬಂದು ದೂರಿದರು. ಆ ಕಡೆಯವರೆಲ್ಲ ಶಾಲೆಯ ಶಿಕ್ಷಕಿಯನ್ನು ಕರೆದಂತೆ ನನ್ನನ್ನೂ ಅಕ್ಕೋರೆ ಎಂದೇ ಕರೆಯುತ್ತಿದ್ದರು.

“ಅಕ್ಕೋರೆ, ಅವ್ರು ನಮ್ಗೂ ನೋಡ್ವಾ ಅಂದ್ರು, ಉದಯಂಗೂ ನೋಡ್ವಾ ಅಂದ್ರು. ಇದು ಎಂಥಾ ಬಗೆ? ಎರಡೂ ಬದಿಗೆ ತಿಂಬೂ ಆಲೋಚ್ನೆ ಅವ್ರದ್ದು.”

ಉದಯನ ಕಡೆಯವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳಿದರು. ಮಾತು ಅಷ್ಟಕ್ಕೇ ನಿಂತಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಊರಿನ ಹೆಂಗಸರು ಮೀನಿನ ಬುಟ್ಟಿಗಳನ್ನು ಟೆಂಪೋದಲ್ಲಿ ಏರಿಸಿಕೊಂಡು ಅಗಸೂರಿನ ಕಡೆಗೆ ಮಾರಲು ಹೋಗುತ್ತಿದ್ದರು. ಟೆಂಪೋ ಗಣಪತಿಯವರ ತಮ್ಮನದು. ಕಾಲೋನಿಯ ಶೇವಂತಿ ಎಂಬವಳೂ ದಿನಾ ಅದರಲ್ಲೇ ಹೋಗುವವಳು. ಒಂದು ಬೆಳಿಗ್ಗೆ ಅವಳ ಬುಟ್ಟಿಯನ್ನು ಯಾರೋ ಕೆಳಗಿಳಿಸಿ, ಮೊದಲು ಯಾವ ಬದಿ ಎಂದು ಹೇಳು, ಆಮೇಲೆ ಏರು ಎಂದರಂತೆ. ಅವಳು ಬುಟ್ಟಿ ತಲೆಯ ಮೇಲಿಟ್ಟುಕೊಂಡು ಭಾವಿಕೇರಿಯ ಕಡೆಗೆ ನಡೆದಳು. ಈ ಸುದ್ದಿ ಕೇಳಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಮತದಾನಕ್ಕೆ ಮೊದಲೇ ಹೀಗಾದರೆ ಮುಗಿದ ಮೇಲೆ ಏನಾದೀತು?

ಮತ ಹಾಕುವ ಕ್ರಮ ತೋರಿಸುವ ಕಾರಣಕ್ಕೆ ಕಾಲೋನಿಗೆ ಹೋದೆ. ದೋಣಿ ಗಣಪತಿಯವರ ಚಿಹ್ನೆ, ಬುಟ್ಟಿ ಉದಯನದು. ಮೊಹರು ಹೇಗೆ ಒತ್ತಬೇಕು, ಚೀಟಿ ಹೇಗೆ ಮಡಚಬೇಕು ಎಂದು ತೋರಿಸಿದೆ. ಎಲ್ಲರೂ ಗಮನವಿಟ್ಟು ನೋಡಿದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಹೊರಡುವಾಗ ಶೇವಂತಿ ಚಹಾಕ್ಕೆ ಕರೆದಳು. ಐವತ್ತರ ಹತ್ತಿರದ ಹೆಂಗಸು, ಗಂಡ ಇಲ್ಲ, ಮಗ ದೋಣಿಗೆ ಹೋಗುತ್ತಾನೆ. ಯಾರಿಗೆ ಹಾಕುತ್ತೀ ಎಂದು ನಾನು ಕೇಳುವಂತಿರಲಿಲ್ಲ, ಕೇಳಲೂ ಇಲ್ಲ. ಮನಸ್ಸು ಮಾಡಲು ಅಡ್ಡಿ ಏನು ಎಂದಷ್ಟೇ ಕೇಳಿದೆ.

“ಇಬ್ರೂ ಚಲೋ ಜನವೇ ಅಕ್ಕೋರೆ,” ಎಂದಳು. “ನಾವು ಬಂದ ವರ್ಷ ಗಣಪತಣ್ಣ ತನ್ನ ಬಲೆ ಮೀನ್ನಲ್ಲಿ ಕಾಲೋನಿಗೆ ಅಂತ ಪಾಲು ತೆಗ್ದಿಟ್ಟ. ನನ್ನ ಸೊಸೆಗೆ ಹೆರಿಗೆ ನೋವು ಬಂದಾಗ ಉದಯ ತನ್ನ ವ್ಯಾನಲ್ಲಿ ಕಾರವಾರ ಆಸ್ಪತ್ರೆಗೆ ಮುಟ್ಟಿಸ್ದ. ಯಾರಿಗೆ ಬ್ಯಾಡ ಅಂಬೂದು?”

“ಇಬ್ಬರೂ ಒಳ್ಳೆಯವರಾದ್ರೆ ಹಾಕೂಕೆ ಕಷ್ಟ ಎಂತದು?”

“ಹಾಕೂದು ಕಷ್ಟ ಅಲ್ಲ. ಹಾಕ್ದ ಮಾರನೇ ದಿನದ್ದು ಕಷ್ಟ. ಇಲ್ಲಿಯವ್ರೆಲ್ಲ ಒಬ್ರಿಗೊಬ್ರು ಭಾವ, ಮಾವ, ಸೋದರತ್ತೆ. ಇವತ್ತು ಕಚ್ಚಾಡ್ತ್ರು, ನಾಳೆ ಒಂದು ಮದುವೆ ಬಂದ್ರೆ ಒಂದೇ ಸಾಲಲ್ಲಿ ಕೂತ್ಕಂಡು ಉಣ್ತ್ರು. ನಾವು ಒಬ್ಬಂಗೆ ಹಾಕಿ ಇನ್ನೊಬ್ಬಂಗೆ ಬ್ಯಾಡಾದ್ರೆ, ರಾಜಿ ಮಾಡ್ಸೂಕೆ ನಮ್ಗೆ ಇಲ್ಲಿ ಯಾರಿದ್ರು? ನಮ್ಮೂರಲ್ಲಾದ್ರೆ ಓಟಿನ ದಿನ ನಾನೇ ಬೊಬ್ಬೆ ಹೊಡ್ಕಂಡು ತಿರ್ಗವಳು. ಇಲ್ಲಿ ಸಿಟ್ಟು ಮಾಡೂಕೂ ಧೈರ್ಯ ಇಲ್ಲ.”

ಪಕ್ಕದ ಮನೆಯ ಪಾಂಡುರಂಗ ಜಗಲಿಯ ತುದಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ವಯಸ್ಸಾದ ಮನುಷ್ಯ. ಅವನ ಕಾರಣ ಬೇರೆಯೇ ಇತ್ತು. “ಇಲ್ಲಿ ಓಟು ಹಾಕ್ದೆ ಅಂದ್ರೆ ನಾನು ಇಲ್ಲಿಯವ್ನೇ ಆದೆ. ಅಲ್ಲಿದು ಮುಗೀತು ಅಂತ ನಾನೇ ಒಪ್ಕಂಡಂಗೆ. ಅದ್ಕೆ ಕೈ ಬರೂದಿಲ್ಲ,” ಎಂದ. ನನ್ನ ಮುಖ ನೋಡದೆ ಹೇಳಿದ ಮಾತು ಅದು. ನಾನು ಚಹಾ ಮುಗಿಸಿ ಲೋಟ ಕೆಳಗಿಟ್ಟು ಎದ್ದೆ.

ಅಲ್ಲಿಂದ ನೇರ ದಂಡೆಗೆ ಹೋದೆ. ಗಣಪತಿಯವರು ಚಪ್ಪರದಡಿ ಬಲೆ ಸರಿಪಡಿಸುತ್ತಿದ್ದರು. ಯಾರ ಹೆಸರನ್ನೂ ಎತ್ತದೆ ಕಾಲೋನಿಯವರ ಹೆದರಿಕೆಯನ್ನು ಹೇಳಿದೆ. ಬುಟ್ಟಿ ಇಳಿಸಿದ ಸಂಗತಿಯನ್ನು ಮಾತ್ರ ಮುಚ್ಚಿಡಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ನೂಲು ಹಾಗೇ ನಿಂತಿತು.

“ನಮ್ಮ ಟೆಂಪೋದಿಂದ ಇಳ್ಸಿದ್ರಾ?” ಎಂದರು. ಬಲೆಯನ್ನು ಬದಿಗೆ ಸರಿಸಿ, “ನಾನು ಹೋಗಿ ಹೆದ್ರಬೇಡಿ ಅಂದ್ರೆ ಓಟು ಕೇಳೂಕೆ ಬಂದ ಅಂಬ್ರು. ಉದಯನೂ ಬರ್ಬೇಕು. ಇಬ್ರೂ ಒಟ್ಟಿಗೆ ನಿಂತು ಹೇಳ್ದ್ರೆ ಮಾತ್ರ ನಂಬ್ತ್ರು. ನೀವೇ ಕೇಳಿ ನೋಡಿ. ನಾನು ಅವ್ನ ಹತ್ರ ಮಾತಾಡೂದಿಲ್ಲ,” ಎಂದರು.

ಉದಯ ಒಪ್ಪಲಿಲ್ಲ. ಇದು ಮುದುಕನ ಉಪಾಯ ಎಂದ. ಗಣಪತಿಯವರ ಪಕ್ಕ ತಾನು ನಿಂತದ್ದು ಕಂಡರೆ ತನ್ನ ಕಡೆಯ ಹುಡುಗರು ರಾಜಿಯಾದೆ ಎಂದು ತಿಳಿದು ದೂರವಾಗುತ್ತಾರೆ ಎಂದ. ಅವನ ಮಾತಿನಲ್ಲಿ ತಥ್ಯವಿತ್ತು. ಬಲವಂತ ಮಾಡಲು ನನಗೆ ಅಧಿಕಾರವೂ ಇರಲಿಲ್ಲ. “ನಾಳೆ ಸಂಜೆ ನಾನಂತೂ ಕಾಲೋನಿಯಲ್ಲಿ ಇರ್ತೇನೆ,” ಎಂದಷ್ಟೇ ಹೇಳಿ, ಗಣಪತಿಯವರಿಗೂ ಕಾಲೋನಿಗೂ ಹೊತ್ತು ಹೇಳಿಕಳಿಸಿ ಬಸ್ಸು ಹತ್ತಿದೆ.

ಮರುದಿನ ಸಂಜೆ ಗಣಪತಿಯವರು ಹೇಳಿದ ಹೊತ್ತಿಗೆ ಬಂದರು. ಕಾಲೋನಿಯ ಬಾವಿಯ ಹತ್ತಿರ ಜನ ಸೇರಿದ್ದರು. ಉದಯನ ಸುಳಿವಿಲ್ಲ. ಗಣಪತಿಯವರು ನಿಂತೇ ಕಾದರು. ಯಾರೋ ಕುರ್ಚಿ ತಂದಿಟ್ಟರೂ ಕೂರಲಿಲ್ಲ. ಕೊನೆಗೆ, “ಬರೂ ಲಕ್ಷಣ ಇಲ್ಲ ಅಕ್ಕೋರೆ,” ಎಂದು ಹೊರಟೇ ಬಿಟ್ಟರು. ಅಷ್ಟರಲ್ಲಿ ಹೆದ್ದಾರಿ ತಿರುವಿನಲ್ಲಿ ಸ್ಕೂಟರ್ ಕಂಡಿತು. ಉದಯ ಒಬ್ಬನೇ ಬಂದಿದ್ದ. ಸ್ಕೂಟರ್ ನಿಲ್ಲಿಸಿ, ಗಣಪತಿಯವರನ್ನು ನೋಡಿಯೂ ನೋಡದವನಂತೆ ಬಾವಿಕಟ್ಟೆಯ ಬಳಿ ನಿಂತ. ಗಣಪತಿಯವರು ವಾಪಸು ಬಂದು ಅವನ ಪಕ್ಕದಲ್ಲೇ ನಿಂತರು.

ಮೊದಲು ಮಾತಾಡಿದವನು ಉದಯನೇ. “ನನ್ಗೆ ಓಟು ಬೇಕು. ಬ್ಯಾಡ ಅಂದ್ರೆ ಸುಳ್ಳಾಗ್ತದೆ. ಆದ್ರೆ ನಾ ಗೆದ್ರೂ ಸೋತ್ರೂ ನಿಮ್ಮ ದೋಣಿ ಬಂಡೆ ಹತ್ರ ಇರೂದು ಬ್ಯಾಡ. ಮಳೆ ಕಳೆದ ಕೂಡ್ಲೆ ನಡು ದಂಡೆಗೆ ತರ್ವಾ. ಇವ್ರು ಗೆದ್ರೆ, ಇವ್ರ ಹತ್ರ ಅದನ್ನ ಕೇಳೂಕೆ ನಿಮ್ಮ ಸಂಗ್ಡ ನಾನೂ ಬರ್ತೆ.”

ಗಣಪತಿಯವರು, “ನಂದೂ ಅದೇ ಮಾತು,” ಎಂದರು. ಮತ್ತೆ ಹೆಂಗಸರ ಕಡೆ ತಿರುಗಿ, “ಬುಟ್ಟಿ ಇಳ್ಸಿದ್ದು ತಪ್ಪಾಯ್ತು,” ಎಂದರು.

ಶೇವಂತಿ ಹೆಂಗಸರ ನಡುವಿನಿಂದಲೇ ಕೇಳಿದಳು: “ಅದೆಲ್ಲ ಸಮಾ. ನೀವಿಬ್ರೂ ಒಬ್ರ ಹತ್ರ ಒಬ್ರು ಮಾತಾಡೂದಿಲ್ಲ. ನಾವು ನಿಮ್ಮ ಮಾತು ನಂಬೂದು ಹ್ಯಾಂಗೆ?”

ಜನ ನಕ್ಕರು. ಉದಯನ ಮುಖ ಕೆಂಪಾಯಿತು. ಅವನು ಗಣಪತಿಯವರ ಕಡೆ ತಿರುಗಿ, “ಬಲೆ ಹರ್ದಿದ್ದು ಬೇಕಂತ ಅಲ್ಲ ಮಾವ,” ಎಂದ. ಅವರು, “ಗೊತ್ತಿತ್ತು,” ಎಂದರು. ಅಷ್ಟೇ ಮಾತು. ಒಂದು ವರ್ಷದ ಮೌನ ಅಲ್ಲಿಗೆ ಮುಗಿಯಿತು.

ಈ ಸಂಜೆಯ ಮೇಲೂ ನನ್ನೊಳಗೆ ಒಂದು ಚಿಂತೆ ಉಳಿದಿತ್ತು. ಊರಿನ ಶಾಲೆಯಲ್ಲಿ ಎರಡು ಕೋಣೆಗಳಲ್ಲಿ ಮತದಾನವೆಂದು ಗೊತ್ತುಮಾಡಿದ್ದೆವು. ಹಳೆಯ ಸದಸ್ಯರಿಗೆ ಒಂದು ಪೆಟ್ಟಿಗೆ, ಹೊಸಬರಿಗೆ ಇನ್ನೊಂದು. ಪೆಟ್ಟಿಗೆಗಳನ್ನು ಬೇರೆ ಬೇರೆ ಎಣಿಸಿದರೆ ಕಾಲೋನಿ ಯಾರ ಕಡೆಗಿತ್ತೆಂದು ಇಡೀ ಊರಿಗೆ ತಿಳಿದುಹೋಗುತ್ತದೆ. ಒಬ್ಬೊಬ್ಬರ ಮತ ಗುಟ್ಟಾಗಿದ್ದರೂ ಕಾಲೋನಿಯ ಮತ ಗುಟ್ಟಾಗಿ ಉಳಿಯುವುದಿಲ್ಲ. ಶೇವಂತಿ ಹೆದರಿದ್ದು ಇದಕ್ಕೇ. ಎರಡೂ ಪೆಟ್ಟಿಗೆಯ ಚೀಟಿಗಳನ್ನು ಬೆರೆಸಿಯೇ ಎಣಿಸುವುದೆಂದು ನಾನು ತೀರ್ಮಾನಿಸಿ ಮುಂಚಿತವಾಗಿಯೇ ಕಾಲೋನಿಗೆ ತಿಳಿಸಿದೆ.

ಮತದಾನದ ದಿನ ಕಾಲೋನಿಯವರು ಗುಂಪಾಗಿ ಬಂದರು. ಪರದೆಯ ಹಿಂದೆ ಹೋದ ಕೆಲವರು ಹೊರಬರಲು ಬಹಳ ಹೊತ್ತು ತೆಗೆದುಕೊಂಡರು. ಸಾಲಿನಲ್ಲಿದ್ದವರು ಗೊಣಗಿದರು. ನಾನು ಅವಸರ ಮಾಡಲಿಲ್ಲ. ಅಲ್ಲಿ, ಮೊಹರು ಕೈಯಲ್ಲಿ ಹಿಡಿದ ಮೇಲೆ ಮನಸ್ಸು ಮಾಡಿದವರು ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಪಾಂಡುರಂಗನೂ ಬಂದಿದ್ದ. ಶಾಲೆಯ ಅಂಗಳದಲ್ಲಿ ಎಲ್ಲರೊಡನೆ ಕೂತು ಎಲೆಯಡಿಕೆ ಹಾಕಿಕೊಂಡ, ಒಳಗೆ ಬರಲಿಲ್ಲ. ಯಾರೂ ಅವನನ್ನು ಒತ್ತಾಯಿಸಲಿಲ್ಲ.

ಎಣಿಕೆಗೆ ಕೂತಾಗ ದೊಡ್ಡ ಅಲ್ಯೂಮಿನಿಯಂ ಬೋಗುಣಿ ತರಿಸಿದೆ. ಎರಡೂ ಕಡೆಯ ಏಜೆಂಟರಿಂದ ತಕರಾರು ಎದ್ದಿತು. ಪೆಟ್ಟಿಗೆಗಳನ್ನು ಬೇರೆಯಾಗಿಯೇ ಎಣಿಸಬೇಕು, ಯಾರು ನಮ್ಮವರು ಎಂದು ಗೊತ್ತಾಗಬೇಕು ಎಂದರು. ನಾನು ಅಭ್ಯರ್ಥಿಗಳ ಮುಖ ನೋಡಿದೆ. ಉದಯ ಎದ್ದು ಬಂದು ಒಂದು ಪೆಟ್ಟಿಗೆಯ ಚೀಟಿಗಳನ್ನು ತಾನೇ ಬೋಗುಣಿಗೆ ಸುರಿದ. ಇನ್ನೊಂದನ್ನು ಗಣಪತಿಯವರು ಸುರಿದರು. ನನ್ನ ಗುಮಾಸ್ತ ಎರಡೂ ಕೈಯಿಂದ ಕಲಸಿದ. ಏಜೆಂಟರಿಗೆ ಮತ್ತೆ ಹೇಳಲು ಏನೂ ಉಳಿಯಲಿಲ್ಲ.

ಗೆದ್ದದ್ದು ಉದಯ, ಹನ್ನೊಂದು ಮತಗಳ ಅಂತರದಿಂದ.

ಗಣಪತಿಯವರ ಮುಖ ಬಾಡಿದ್ದನ್ನು ನಾನು ಕಂಡೆ. ಅಷ್ಟು ವರ್ಷ ದಂಡೆ ಆಳಿದ ಮನುಷ್ಯ. ಅವರ ಕಡೆಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವರು ನೀರು ಕೇಳಿ ಕುಡಿದು, ಕಾಗದಕ್ಕೆ ಸಹಿ ಹಾಕಿ ಹೊರಗೆ ಬಂದರು. ಅಂಗಳದಲ್ಲಿ ಕಾಲೋನಿಯ ಹೆಂಗಸರು ಅವರ ದಾರಿಗೆ ಅಡ್ಡಬರದಂತೆ ಗೋಡೆಗೆ ಒತ್ತಿ ನಿಂತಿದ್ದರು. ಅವರು ಶೇವಂತಿಯ ಎದುರು ನಿಂತು, “ನಾಳೆ ಟೆಂಪೋ ಬೇಗ ಹೊರಡ್ತದೆ. ತಡ ಮಾಡ್ಬೇಡ,” ಎಂದು ಹೇಳಿ ಮನೆಯ ಕಡೆಗೆ ನಡೆದರು. ಶೇವಂತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಳೆಗಾಲ ಕಳೆದು ದೋಣಿಗಳು ಇಳಿಯುವ ಹೊತ್ತಿಗೆ ಕಾಲೋನಿಯ ದೋಣಿಗಳೂ ನಡು ದಂಡೆಗೆ ಬಂದವು. ಅದಕ್ಕೆ ಕೆಲವರ ಗೊಣಗಾಟ ಇರಲಿಲ್ಲವೆಂದಲ್ಲ. ಗೊಣಗುವವರ ಬಾಯಿ ಮುಚ್ಚಿಸಲು ಉದಯನ ಬೆನ್ನಿಗೆ ನಿಂತವರು ಗಣಪತಿಯವರೇ. ಮುಂದೆ ಒಂದು ದಿನ ದಂಡೆಯಲ್ಲಿ ಸಿಕ್ಕಾಗ ನಾನು ಅವರಿಗೆ ಕೃತಜ್ಞತೆ ಹೇಳಲು ಹೋಗಿ, ಚೀಟಿ ಬೆರೆಸಿದ್ದಕ್ಕೆ ಬೇಸರವಿಲ್ಲವಲ್ಲ ಎಂದು ಕೇಳಿಬಿಟ್ಟೆ.

ಅವರು ನಕ್ಕರು. “ಕಾಲೋನಿಯಲ್ಲಿ ನನ್ಗೆ ಯಾರು ಹಾಕ್ಲಿಲ್ಲ ಅಂತ ನನ್ಗೆ ಗೊತ್ತಿಲ್ಲ ಅಕ್ಕೋರೆ. ಅದ್ಕೇ ಎಲ್ಲರ ಮನೆಗೂ ಹೋಗಿಬರೂಕೆ ಆಗ್ತದೆ,” ಎಂದರು.

ಆಮೇಲೆ ಲೋಕಸಭೆ, ವಿಧಾನಸಭೆ ಚುನಾವಣೆಗಳು ಬಂದವು. ಪ್ರತಿ ಸಲ ಪತ್ರಿಕೆಗಳಲ್ಲಿ ಇನ್ನೂ ನಿರ್ಧರಿಸದ ಮತದಾರರ ಬಗ್ಗೆ ಬರೆಯುತ್ತಾರೆ. ಅವರಿಗೆ ಆಸಕ್ತಿಯಿಲ್ಲ, ತಿಳಿವಳಿಕೆಯಿಲ್ಲ, ಕೊನೆಗೆ ಗಾಳಿ ಬಂದ ಕಡೆ ವಾಲುತ್ತಾರೆ ಎಂಬ ಮಾತು ಓದಿದಾಗೆಲ್ಲ ನಾನು ಪತ್ರಿಕೆ ಮಡಚಿಡುತ್ತೇನೆ. ಹಾಗಿರುವವರೂ ಇರಬಹುದು. ನಾನು ಕಂಡವರಲ್ಲಿ ಒಬ್ಬಳಿಗೆ ಇಬ್ಬರ ಉಪಕಾರವೂ ನೆನಪಿತ್ತು, ಒಬ್ಬನಿಗೆ ಬಿಟ್ಟುಬಂದ ಊರು ಇನ್ನೂ ಮುಗಿದಿರಲಿಲ್ಲ, ಎಲ್ಲರೂ ಚುನಾವಣೆಯ ಮಾರನೇ ದಿನ ಅದೇ ದಂಡೆಯಲ್ಲಿ ಬದುಕಬೇಕಿತ್ತು. ಇಷ್ಟನ್ನು ಹೊತ್ತುಕೊಂಡು ಮತಗಟ್ಟೆಗೆ ಬರುವವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವರನ್ನು ಕಾಯುವುದು, ಅವರ ಮತವನ್ನು ಕಾಪಾಡುವುದು ಅಧಿಕಾರಿಯ ಕೆಲಸ. ಇದನ್ನು ನನಗೆ ಯಾವ ತರಬೇತಿಯೂ ಕಲಿಸಿರಲಿಲ್ಲ. ಕಲಿಸಿದ ಆ ಊರಿಗೂ ಕಾಲೋನಿಗೂ ನಾನು ಋಣಿ.