ಹಾಲಪ್ಪಜ್ಜ ಹೇಳಿದ ಐಬು

ಹಾಲಪ್ಪಜ್ಜ ಯಾವ ಪ್ರಾಣಿಯನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಹಿಂಡಿನಲ್ಲಿ ಒಂದು ಕುರಿಯನ್ನು ಗುರುತಿಸಬೇಕಾದರೆ ಅದರ ಕುಂದನ್ನೇ ಹೇಳುತ್ತಿದ್ದರು: ಸೊಟ್ಟ ಕಾಲಿನದು, ನೀರಿಗೆ ಅಂಜುವುದು, ಸದಾ ಹಿಂದೆ ಬೀಳುವುದು. "ಐಬು ಇಲ್ಲದ ಜೀವದ ಗುರುತು ಸಿಗಂಗಿಲ್ಲ ಯವ್ವಾ" ಎನ್ನುವುದು ಅವರ ಮಾತು. ಕೋಗಳಿ ಕಡೆ ನಲವತ್ತು ವರ್ಷ ಕುರಿ ಕಾಯ್ದು, ದಮ್ಮು ಹತ್ತಿದ ಮೇಲೆ ಹಗರಿಬೊಮ್ಮನಹಳ್ಳಿಗೆ, ನಮ್ಮ ಪಕ್ಕದ ಮನೆಯಲ್ಲಿದ್ದ ಮಗಳ ಬಳಿಗೆ ಬಂದಿದ್ದರು. ಬಿಸಿಲು ಇಳಿದ ಮೇಲೆ ನಮ್ಮ ಕಟ್ಟೆಯೇ ಅವರ ಜಾಗ.

ನಾನು ಆಗ ಮೊಬೈಲಿನಲ್ಲಿ ಒಂದು ಆಟಕ್ಕೆ ಸೇರಿದ್ದೆ. ಬೇರೆ ಬೇರೆ ಊರಿನ ಹನ್ನೆರಡು ಜನ, ಒಬ್ಬೊಬ್ಬರದು ಒಂದೊಂದು ಪ್ರಾಣಿ. ಕಾಡಿನಲ್ಲಿ ಏನಾಯಿತೆಂದು ಆಟ ನಡೆಸುವಾತ ಹೇಳುತ್ತಾನೆ. ಆಗ ನಮ್ಮ ಪ್ರಾಣಿ ಏನು ಮಾಡಿತೆಂದು ನಾವು ಬರೆಯಬೇಕು. ನನ್ನದು ಕೆಂಚಿ ಎಂಬ ಹೆಣ್ಣು ತೋಳ. ನಲವತ್ತು ದಾಟಿದ, ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುವ ಹೆಂಗಸಿಗೆ ಇದೆಂಥ ಹುಚ್ಚು ಎಂದು ನಮ್ಮನೆಯವರು ನಗುತ್ತಿದ್ದರು. ಅಜ್ಜ ನಗಲಿಲ್ಲ. ಕೆಂಚಿಯ ಗುಣಗಳನ್ನು ಓದಿಸಿ ಕೇಳಿದರು: ಧೈರ್ಯಶಾಲಿ, ಗಾಳಿಗಿಂತ ವೇಗ, ಯಾರಿಗೂ ಅಂಜದವಳು.

"ಇದು ತೋಳ ಅಲ್ಲ ಬಿಡವ್ವಾ. ಕನ್ಯಾ ತೋರಿಸಾಕ ಬಂದ ದಲ್ಲಾಳಿ ಮಾತು. ಏನು ಕಂಡ್ರ ಅಂಜ್ತೈತಿ, ಅದನ್ನ ಹೇಳು."

ನನಗೆ ಗೊತ್ತಿರಲಿಲ್ಲ. ಎಡಗಣ್ಣು ಅರ್ಧ ಮುಚ್ಚಿ, ತೋಳ ಎದುರಿಗೇ ನಿಂತಿದೆಯೆಂಬಂತೆ ಅವರೇ ಹೇಳಿದರು. ಮುಂಗಾಲು ಊರುವಾಗ ತಡವರಿಸುತ್ತದೆ. ಬಲು ಅನುಮಾನದ್ದು, ಗಾಳಿ ತಿರುಗಿದರೂ ಸಾಕು, ಮರಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ. "ಹೊಗಿ ಅಂದ್ರ ಮಾತ್ರ ಜೀವಾನ ಹೋಗ್ತೈತಿ. ಅದನ್ನ ಬರಿ."

ಬರೆದೆ. ಆಟದವರು ಮೊದಲ ಬಾರಿಗೆ ಕೆಂಚಿಯನ್ನು ನಂಬಿದರು. ಮುಂದೆ ಅವಳು ನಾಲ್ಕು ಮರಿ ಹಾಕಿದಳು. ಅಂದಿನಿಂದ ಅಜ್ಜ ಕಟ್ಟೆಗೆ ಬಂದವರೇ "ಮರಿ ಅದಾವೇನು?" ಎನ್ನುತ್ತಿದ್ದರು. ಚಹಾ ಆರಿದರೂ ಚಿಂತೆಯಿಲ್ಲ, ಮರಿಗಳ ಸುದ್ದಿ ಮೊದಲು.

ಒಂದು ದಿನ ಆಟ ನಡೆಸುವಾತ ಗಾಳಿ ತಿರುಗಿದೆ ಎಂದು ಬರೆದ. ನಾನು ಅದನ್ನು ಲೆಕ್ಕಕ್ಕಿಡಲಿಲ್ಲ. ಸಂಜೆ ಮತ್ತೆ ಬರೆದ: ಕುರಿಗಾಹಿಗಳು ಕೆಂಚಿಯ ಗವಿ ಪತ್ತೆ ಮಾಡಿ, ಬಾಯಿಗೆ ಮುಳ್ಳು ಒಟ್ಟಿ ಬೆಂಕಿ ಇಡುತ್ತಿದ್ದಾರೆ. ಮಾರನೆಯ ದಿನ ಮಧ್ಯಾಹ್ನ ಹನ್ನೆರಡರೊಳಗೆ ನಾನು ಬರೆಯದಿದ್ದರೆ ಮರಿಗಳು ಸತ್ತಂತೆ. ಸ್ವಭಾವ ಮೀರಿ ಬರೆಯುವಂತೆಯೂ ಇಲ್ಲ. ಹೊಗೆಗೆ ಹೆದರುವವಳನ್ನು ಹೊಗೆಯೊಳಗೆ ಕಳಿಸುವುದು ಹೇಗೆ?

ಅಜ್ಜನಿಗೆ ಓದಿ ಹೇಳಿದೆ. ಚಹಾದ ಲೋಟ ಕೆಳಗಿಟ್ಟರು.

"ನುಗ್ಗಿಸಬ್ಯಾಡ. ಅದು ಬರಂಗಿಲ್ಲ."

"ತಾಯಿ ಅಲ್ಲೇನ್ರಿ ಅಜ್ಜಾ ಅದು!"

"ಬರಲಿಲ್ಲ ಯವ್ವಾ. ಹೊಗಿ ಹಾಕಿದಾವ ನಾನ. ಕೋಗಳ್ಯಾಗ ತೋಳ ರೊಪ್ಪಕ್ಕ ನುಗ್ಗಿ ಹನ್ನೊಂದು ಕುರಿ ಮುರಿದಿತ್ತು, ಸಿಟ್ಟಿತ್ತು ನನಗ. ತಾಯಿ ಎದುರಿನ ಗುಡ್ಡದ ಮ್ಯಾಗ ಕುಂತು ನೋಡ್ತು. ಕೂಗಲಿಲ್ಲ ಸೈತ. ನಾಕೂ ಮರಿ ಒಳಗ..."

ದಮ್ಮು ಎದ್ದಿತು. ಗೋಡೆ ಹಿಡಿದು ಎದ್ದು ಹೋಗುವಾಗ ತಿರುಗಿ, "ಈ ಸಲ ಒಂದನ್ನಾರ ಉಳಿಸವ್ವಾ" ಎಂದರು.

ಬೆಳಿಗ್ಗೆ ನೋಡಿದರೆ ಪಕ್ಕದ ಮನೆಗೆ ಬೀಗ. ರಾತ್ರಿ ಉಸಿರು ಸಿಕ್ಕಿಕೊಂಡಿತೆಂದು, ಮಗನ ಊರಾದ ಕೂಡ್ಲಿಗಿಯ ಆಸ್ಪತ್ರೆಗೆ ಅಜ್ಜನನ್ನು ಕರೆದೊಯ್ದಿದ್ದರು. ರಜೆ ಹಾಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬರೆದೆ, ಅಳಿಸಿದೆ. ಸಿಗ್ನಲ್ ಬಂದು ಹೋಗುತ್ತಿತ್ತು. ಹನ್ನೊಂದೂವರೆಯಾಯಿತು. ಎಷ್ಟು ಸಲ ನುಗ್ಗಿಸಲು ನೋಡಿದರೂ ಕೆಂಚಿ ಗುಡ್ಡ ಬಿಟ್ಟು ಏಳಲಿಲ್ಲ. ಆಗ ಅವಳ ಇನ್ನೊಂದು ಐಬು ನೆನಪಾಗಿ ಹೀಗೆ ಬರೆದೆ: ಗಾಳಿ ತಿರುಗಿದ ಕೂಡಲೇ ಅನುಮಾನದಿಂದ ಒಂದು ಮರಿಯನ್ನು ಕಚ್ಚಿಕೊಂಡು ಹೋಗಿ ದೂರದ ಪೊದೆಯಲ್ಲಿಟ್ಟಿದ್ದಳು. ಎರಡನೆಯದಕ್ಕೆ ಮರಳುವಷ್ಟರಲ್ಲಿ ಹೊಗೆ ಎದ್ದಿತ್ತು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಕಳಿಸಿದೆ. ಕೂಡ್ಲಿಗಿಯಲ್ಲಿ ಇಳಿಯುವಾಗ ಆಟ ನಡೆಸುವಾತನಿಂದ "ಒಪ್ಪಿದೆ" ಎಂದು ಬಂತು.

ಅಜ್ಜನ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದ್ದರು. ನನ್ನನ್ನು ಕಂಡು ಬೆರಳೆತ್ತಿದರು.

"ಎಷ್ಟು?"

"ಒಂದು ಉಳೀತು ಅಜ್ಜಾ."

"ಯಾವುದು?"

ನಾನು ಮರಿಗಳಿಗೆ ಗುರುತೇ ಕೊಟ್ಟಿರಲಿಲ್ಲ. ನಾಲ್ಕು ಎಂದಷ್ಟೇ ಬರೆದಿದ್ದೆ. ನಾಚಿಕೆಯಾಯಿತು. "ನೀವ ಹೇಳ್ರಿ" ಎಂದೆ.

ಎಡಗಣ್ಣು ಅರ್ಧ ಮುಚ್ಚಿತು. "ಬಿಳಿ ಮೂತಿದ್ದು. ಬೆಂಕಿ ಹಚ್ಚಾಕ ಮೊದಲ ಗವಿ ಬಾಯಿಗೆ ಬಂದು ನನ್ನ ನೋಡ್ತಾ ನಿಂತಿತ್ತು. ಓಡಲಿಲ್ಲ."

"ಅದ ಅಜ್ಜಾ. ಅದ ಉಳಿದೈತಿ."

ಅವರು ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಎರಡು ದಿನದ ಮೇಲೆ ತೀರಿಕೊಂಡರು. ಈಗಲೂ ಸಂಜೆ ಎರಡು ಲೋಟ ಚಹಾ ಸೋಸಿಬಿಡುತ್ತೇನೆ.

ಬಿಳಿ ಮೂತಿಯ ಮರಿ ಈಗ ದೊಡ್ಡದಾಗಿದೆ, ಆಟದಲ್ಲಿ ಅದಕ್ಕೂ ಸ್ವಂತ ಸರದಿ ಸಿಕ್ಕಿದೆ. ಇದರ ಐಬೇನು ಎಂದು ಆಟ ನಡೆಸುವಾತ ಕೇಳಿದ. ಮನುಷ್ಯರನ್ನು ಕಂಡರೆ ಓಡುವುದಿಲ್ಲ, ನಿಂತು ನೋಡುತ್ತದೆ ಎಂದು ಬರೆದೆ. ಇಂಥದ್ದು ಬಹಳ ದಿನ ಬದುಕುವುದಿಲ್ಲ, ಬದಲಿಸಿ ಎಂದ. ನಾನು ಬದಲಿಸಿಲ್ಲ.